ಬಟನ್ನು ಒತ್ತದ ಒಬ್ಬರು

ನಮ್ಮ ಕನ್ನಡ ಸಂಘದ ಆ್ಯಪನ್ನು ನನ್ನಷ್ಟು ಬೈದವರು ಇನ್ನೊಬ್ಬರಿರಲಿಕ್ಕಿಲ್ಲ. ತೆರೆದ ಕೂಡಲೇ ಅಧ್ಯಕ್ಷರ ಭಾವಚಿತ್ರ, ಅವರ ಕೆಳಗೆ ಉಪಾಧ್ಯಕ್ಷರು, ಅವರ ಕೆಳಗೆ ಗೌರವ ಕಾರ್ಯದರ್ಶಿ. ಇಷ್ಟು ಜನರ ದರ್ಶನ ಮುಗಿಸಿ ಮುಂದಿನ ಕಾರ್ಯಕ್ರಮ ಯಾವತ್ತು ಎಂದು ಹುಡುಕುವಷ್ಟರಲ್ಲಿ ನಾನು ದಹಿಸರ್‌ನಲ್ಲಿ ಹತ್ತಿದ ಲೋಕಲ್ಲು ಬೋರಿವಲಿ ದಾಟಿರುತ್ತಿತ್ತು. ಮಹಾಸಭೆಯಲ್ಲಿ ಎದ್ದು ನಿಂತು ಇದನ್ನೇ ಹೇಳಿದೆ. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ. ಹೇಳುವಾಗ ದನಿ ಸ್ವಲ್ಪ ಏರಿತು ಕೂಡ.

ಅಧ್ಯಕ್ಷರು ನಕ್ಕರು. "ಬೈದವರೇ ಸರಿ ಮಾಡಿ ಕೊಡ್ಲಿ, ಅಲ್ವಾ?" ಎಂದು ಸಭೆಯನ್ನು ಕೇಳಿದರು. ಸಭೆ ಚಪ್ಪಾಳೆ ತಟ್ಟಿತು. ಬೇಲಿಯ ಮೇಲೆ ಹೋಗುತ್ತಿದ್ದ ಓತಿಕ್ಯಾತವನ್ನು ಮೈಮೇಲೆ ಬಿಟ್ಟುಕೊಂಡ ಹಾಗಾಯಿತು ನನ್ನ ಸ್ಥಿತಿ.

ನಾನು ವಿಮಾ ಕಂಪನಿಯೊಂದರಲ್ಲಿ ಹೊಸ ಸಿಬ್ಬಂದಿಗೆ ತರಬೇತಿ ಕೊಡುವವಳು. ಆ್ಯಪು ಕಟ್ಟುವ ವಿದ್ಯೆ ನನಗೆ ಬರುವುದಿಲ್ಲ. ಆದರೆ ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ಬರುವವರಿಗೆಲ್ಲ ಅದು ಬರುತ್ತದೆ ಎಂದು ಸಂಘದ ಹಿರಿಯರು ನಂಬಿದ್ದರು. ಸಂಘದ ಕೋಣೆ ಇರುವುದು ವಡಾಲದ ಹಳೆಯ ಕಾಲೊನಿಯೊಂದರಲ್ಲಿ. ಸದಸ್ಯರಲ್ಲಿ ಹೆಚ್ಚಿನವರು ಉಡುಪಿ, ಮಂಗಳೂರು ಕಡೆಯ ಹೋಟೆಲಿನವರು. ನಡುವೆ ನಮ್ಮಂಥ ಧಾರವಾಡ, ಬೆಳಗಾವಿ ಕಡೆಯ ಕೆಲವು ಮನೆಗಳು. ಅವರ ಮೆತ್ತಗಿನ ಮಾತಿನ ನಡುವೆ ನಾವು ಬಾಯಿ ತೆಗೆದರೆ ಜಗಳಕ್ಕೆ ಬಂದವರಂತೆ ಕೇಳಿಸುತ್ತದೆ. ನನ್ನ ವಿಷಯದಲ್ಲಿ ಅದು ಪೂರಾ ಸುಳ್ಳೂ ಅಲ್ಲ.

ಅಧ್ಯಕ್ಷರಿಗೆ ವಡಾಲದಲ್ಲೇ ಹೋಟೆಲು. ಈಗ ಗಲ್ಲೆಯ ಮೇಲೆ, ದುಡ್ಡು ಎಣಿಸಲು, ಮಗ ಕೂರುತ್ತಾನೆ. ಹೆಂಡತಿ ಹೋಗಿ ಬಹಳ ವರ್ಷಗಳಾಗಿವೆ. ಫೋನಿನಲ್ಲಿ ಅಕ್ಷರ ಕಾಣಲು ಕನ್ನಡಕ ಹಣೆಗೇರಿಸಿ ಕಣ್ಣು ಕಿರಿದು ಮಾಡುವ ಈ ಮನುಷ್ಯನಿಗೆ ಆ್ಯಪಿನ ಮೇಲೆ ಅದೆಂಥ ಪ್ರೀತಿ ಎಂದು ನನಗೆ ಆಶ್ಚರ್ಯ. "ಎಲ್ಲ ಅದರಲ್ಲೇ ಆಗ್ಬೇಕು. ಯಾರೂ ಯಾರ ಮನೆಗೂ ಹೋಗ್ಲಿಕ್ಕೆ ಇರ್ಬಾರ್ದು. ಒತ್ತಿದ್ರೆ ಮುಗೀತು" ಎನ್ನುತ್ತಿದ್ದರು. ಮೊದಲು ವಾರ್ಷಿಕೋತ್ಸವಕ್ಕೆ ಇಬ್ಬರು ಹಿರಿಯರು ಆಮಂತ್ರಣ ಹಿಡಿದು ಮನೆಮನೆಗೆ ಹೋಗುತ್ತಿದ್ದರಂತೆ. ನಾನು ಸಮಿತಿಗೆ ಬರುವ ಮೊದಲೇ ಅದು ನಿಂತಿತ್ತು.

ಸದಸ್ಯರು ಹೆಚ್ಚು ಹೆಚ್ಚು ಪಾಲ್ಗೊಳ್ಳುವ ಹಾಗೆ ಮಾಡಿ ಎಂಬುದು ನನಗೆ ಸಿಕ್ಕ ಅಪ್ಪಣೆ. ಅಂಧೇರಿಯ ಸಣ್ಣ ಕಂಪನಿಯೊಂದರ ಹುಡುಗಿ ಆ್ಯಪಿನ ಕೆಲಸ ಮಾಡಿಕೊಡುತ್ತಿದ್ದಳು. ಅವಳಿಗೆ ಕನ್ನಡ ಬಾರದು, ಅವಳ ಹಿಂದಿಯ ವೇಗ ನನಗೆ ಹಿಡಿಯದು. ಇಬ್ಬರೂ ಕೂತು ಭಾವಚಿತ್ರಗಳನ್ನು ಹಿಂದಕ್ಕೆ ತಳ್ಳಿದೆವು, ಅಕ್ಷರ ದೊಡ್ಡದು ಮಾಡಿದೆವು. ಪ್ರತಿ ಕಾರ್ಯಕ್ರಮದ ಕೆಳಗೆ ಎರಡು ಬಟನ್ನು ಇಟ್ಟೆವು: ಬರುತ್ತೇನೆ, ಬರುವುದಿಲ್ಲ. ಎಷ್ಟು ಜನ ಬರುತ್ತಾರೆ ಎಂದು ಮೊದಲೇ ತಿಳಿದರೆ ಅಡುಗೆಯವರಿಗೆ ಅನುಕೂಲ. ಇಷ್ಟು ಸರಳ ವಿಷಯ ಇಷ್ಟು ವರ್ಷ ಯಾರಿಗೂ ಹೊಳೆಯಲಿಲ್ಲವಲ್ಲ ಎಂದು ಒಳಗೊಳಗೇ ಬೀಗಿದೆ.

ಮೊದಲ ಕಾರ್ಯಕ್ರಮ ಸತ್ಯನಾರಾಯಣ ಪೂಜೆ. ಆ್ಯಪು ತುಂಬಿ ತುಳುಕಿತು. ಎಲ್ಲರೂ 'ಬರುತ್ತೇನೆ' ಒತ್ತಿದ್ದರು. ಬಾಣಂತನಕ್ಕೆ ಊರಿಗೆ ಹೋದವಳೂ ಒತ್ತಿದ್ದಳು, ಕಾಲು ಮುರಿದು ಮಲಗಿದವರೂ ಒತ್ತಿದ್ದರು. ಅಧ್ಯಕ್ಷರು ಬೆನ್ನು ತಟ್ಟಿದರು. ಪೂಜೆಯ ದಿನ ನೋಡಿದರೆ ಅರ್ಧ ಸಭಾಂಗಣ ಖಾಲಿ, ಕೊಪ್ಪರಿಗೆ ತುಂಬ ಪಾಯಸ. ಒಬ್ಬೊಬ್ಬರ ಕೈಗೂ ಡಬ್ಬಿ ಕೊಟ್ಟು ಸಾಗಹಾಕುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಯಿತು.

"ಬರದವರು 'ಬರೂದಿಲ್ಲ' ಒತ್ತಬೇಕಿತ್ತಲ್ರಿ! ಅದಕ್ಕಂತನ ಬಟನ್ ಇಟ್ಟೇವಿ!" ಎಂದು ಬಡಿಸುತ್ತಿದ್ದವರೊಬ್ಬರ ಮೇಲೆ ಹರಿಹಾಯ್ದೆ.

ಅವರು ಸೌಟು ಹಿಡಿದುಕೊಂಡೇ ನನ್ನನ್ನು ನೋಡಿದರು. "ಎಂತ ಮಾರಾಯ್ತಿ, ದೇವರ ಕೆಲಸಕ್ಕೆ ಕರೆದಾಗ ಬರುದಿಲ್ಲ ಅಂತ ಯಾರಾದ್ರೂ ಹೇಳ್ತಾರಾ? ಬಾಯಲ್ಲೇ ಹೇಳುದಿಲ್ಲ, ಇನ್ನು ಒತ್ತುದುಂಟಾ?"

ಮಾತು ಸರಿ. ನಮ್ಮ ಮನೆಯಲ್ಲೂ ಹಾಗೇ. ಕರೆಯಲು ಬಂದವರ ಎದುರು ಬರುವುದಿಲ್ಲ ಎಂದರೆ ಅಪಶಕುನ. 'ನೋಡೋಣ' ಎನ್ನಬೇಕು, ಅವರು ಅರ್ಥ ಮಾಡಿಕೊಳ್ಳಬೇಕು. ಹಾಗಾದರೆ ಅದನ್ನೇ ಇಡೋಣ ಎಂದು ಮುಂದಿನ ಸಲ 'ಬರುವುದಿಲ್ಲ' ಕಿತ್ತು 'ನೋಡೋಣ' ಎಂದು ಬರೆಸಿದೆ. ಎಲ್ಲರೂ 'ನೋಡೋಣ' ಒತ್ತಿದರು. ನಾವು ಹೆದರಿ ಅಡುಗೆ ಕಡಿಮೆ ಮಾಡಿಸಿದೆವು. ಆ ದಿನ ಸಭಾಂಗಣ ತುಂಬಿ ಜನ ಮೆಟ್ಟಿಲ ಮೇಲೆ ನಿಂತರು. ಅನ್ನ ಎರಡನೇ ಪಂಕ್ತಿಗೇ ಮುಗಿಯಿತು. ನನಗೆ ತಲೆ ಬುಡ ತಿಳಿಯಲಿಲ್ಲ. ನನ್ನವರೇ ಆದ ಈ ಜನ ನನಗೆ ಸ್ವಲ್ಪವೂ ಗೊತ್ತಿಲ್ಲವೇನೋ ಎಂಬ ದಿಗಿಲು ಹುಟ್ಟಿದ್ದು ಆಗ.

ಈ ಗೊಂದಲದ ನಡುವೆಯೇ ನನ್ನ ಕಣ್ಣಿಗೆ ಒಬ್ಬರು ಬಿದ್ದರು. ಯಾರು ಯಾವ ಸೂಚನೆ ತೆರೆದು ನೋಡಿದರು ಎಂಬುದನ್ನು ಅಂಧೇರಿಯ ಹುಡುಗಿ ನನಗೆ ತೋರಿಸುತ್ತಿದ್ದಳು. ಬೈಕುಲ್ಲಾದ ಒಬ್ಬ ಹೆಂಗಸು, ವಯಸ್ಸಾದವರು, ಸಂಘದಿಂದ ಏನೇ ಹೋಗಲಿ ಕೂಡಲೇ ನೋಡುತ್ತಿದ್ದರು. ಒಂದೇ ಸೂಚನೆಯನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮತ್ತೆ ಮತ್ತೆ ತೆರೆಯುತ್ತಿದ್ದರು. "ಯೇ ತೋ ಆಪ್‌ಕೀ ಬೆಸ್ಟ್ ಮೆಂಬರ್ ಹೈ" ಎಂದಳು ಹುಡುಗಿ. ಆದರೆ ಈ ಬೆಸ್ಟ್ ಮೆಂಬರು ಯಾವ ಬಟನ್ನನ್ನೂ ಒತ್ತುತ್ತಿರಲಿಲ್ಲ. 'ಬರುತ್ತೇನೆ' ಇಲ್ಲ, 'ನೋಡೋಣ' ಇಲ್ಲ. ಯಾವ ಕಾರ್ಯಕ್ರಮಕ್ಕೂ ಬಂದದ್ದೂ ಇಲ್ಲ. ಊರಿಗೊಂದು ದಾರಿಯಾದರೆ ಇವರಿಗೇ ಒಂದು ದಾರಿ.

ಯಾಕೋ ಇದು ನನ್ನನ್ನು ಬಿಡಲಿಲ್ಲ. ವಾರ್ಷಿಕೋತ್ಸವ ಹತ್ತಿರವಾಗುತ್ತಿತ್ತು. ಬೇರೆಯವರೆಲ್ಲ ಬಂದರೆಷ್ಟು ಬಿಟ್ಟರೆಷ್ಟು, ಈ ಒಬ್ಬರನ್ನು ಸಭಾಂಗಣದಲ್ಲಿ ಕೂರಿಸಬೇಕು ಎಂಬ ಹಟ ಹಿಡಿಯಿತು. ಅಷ್ಟು ಆಸೆಯಿಂದ ನೋಡುವವರು ಬರುತ್ತಿಲ್ಲವೆಂದರೆ ನಾನು ಮಾಡಿದ ಕೆಲಸದಲ್ಲೇ ಏನೋ ಐಬಿದೆ.

ಅಧ್ಯಕ್ಷರಿಗೆ ಹೇಳಿದೆ. ಹೆಸರು ಕೇಳಿದ ಕೂಡಲೇ ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಫೋನು ಹಾಳಾಗಿರ್ಬೇಕು ಅವರದ್ದು."

"ಹಾಳಾದ ಫೋನಿನಾಗ ದಿನಾ ಹೆಂಗ ನೋಡ್ತಾರ್ರಿ?"

"ಮೊಮ್ಮಕ್ಕಳು ಒತ್ತುದೇನೋ."

"ಒಮ್ಮೆ ಯಾರರೆ ಹೋಗಿ ಕೇಳಿ ಬರಬೇಕ್ರಿ. ನಿಮಗ ಪರಿಚಯ ಇದ್ದರ ನೀವ ಹೋಗ್ರಿ."

"ಯಾಕೆ ಹೋಗ್ಲಿಕ್ಕೆ? ಅದಕ್ಕಲ್ವಾ ಆ್ಯಪು ಮಾಡಿಸಿದ್ದು? ಇನ್ನೊಂದು ಮೆಸೇಜು ಹಾಕಿ" ಎಂದು ಎದ್ದೇಬಿಟ್ಟರು. ಯಾವಾಗಲೂ ಚಾ ತರಿಸದೆ ಬಿಡದ ಮನುಷ್ಯ ಅಂದು ಚಾ ಕೂಡ ಹೇಳಲಿಲ್ಲ. ನನಗೆ ಸಿಟ್ಟು ಬಂತು. ಏನು ತಪ್ಪು ಹೇಳಿದೆ ಎಂಬುದು ಮಾತ್ರ ಗೊತ್ತಾಗಲಿಲ್ಲ.

ಮುಂದಿನ ಭಾನುವಾರ ನಾನೇ ಹೊರಟೆ. ಹೋಗುವ ಮುನ್ನ ಫೋನು ಮಾಡಿ "ಸಂಘದಿಂದ ಬರ್ತೇನ್ರಿ, ನಿಮ್ಮ ಹತ್ರ ಸ್ವಲ್ಪ ಮಾತಾಡೂದಿತ್ತು" ಎಂದಿದ್ದೆ. ದಾದರ್‌ನಲ್ಲಿ ಗಾಡಿ ಬದಲಿಸಿ ಬೈಕುಲ್ಲಾದಲ್ಲಿ ಇಳಿದು ತರಕಾರಿ ಗಾಡಿಗಳ ನಡುವೆ ದಾರಿ ಮಾಡಿಕೊಂಡು ಹೋದರೆ, ಹಳೆಯ ಬಿಲ್ಡಿಂಗಿನ ಕೆಳಗೆ ಅವರ ಮನೆಯವರದೇ ಸಣ್ಣ ಹೋಟೆಲು. ಗಲ್ಲೆಯ ಹಿಂದೆ ಮಾಲೆ ಹಾಕಿದ ಒಂದು ಫೋಟೋ. ಗಲ್ಲೆಯಲ್ಲಿದ್ದ ಮಗ "ಮೇಲೆ ಹೋಗಿ, ಅಮ್ಮ ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ" ಎಂದ. ಮರದ ಮೆಟ್ಟಿಲು, ಕಡಿದಾದದ್ದು, ಹಗ್ಗ ಹಿಡಿದು ಹತ್ತಬೇಕು.

ಮನೆ ತುಂಬ ಜನ. ಮಕ್ಕಳ ಗಲಾಟೆ, ಮಿಕ್ಸಿ ಸದ್ದು, ಟಿವಿ. ನಾನು ಒಳಗೆ ಕಾಲಿಡುತ್ತಲೇ ಟಿವಿ ಬಂದ್ ಆಯಿತು. ಆ ಹಿರಿಯಾಕೆ ಇಸ್ತ್ರಿ ಮಾಡಿದ ಒಳ್ಳೆಯ ಸೀರೆ ಉಟ್ಟು ಕುರ್ಚಿಯಲ್ಲಿ ಕೂತಿದ್ದರು. ಸೊಸೆ ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಲೋಟ ನೀರು ತಂದಿಟ್ಟಳು. ಆಕೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಮುಖ ನೋಡುತ್ತ ಕೂತರು. ನಾನು ಚೀಲದಿಂದ ಫೋನು ತೆಗೆದೆ.

"ಅಕ್ಷರ ಕಾಣಸ್ತಾವೇನ್ರಿ ಅಮ್ಮಾರ?"

"ಕಾಣ್ತದೆ ಮಗಾ. ಚಂದ ಉಂಟು."

"ಬಟನ್ ಎಲ್ಲಿ ಅದ ಅಂತ ಗೊತ್ತಾಗ್ತದೇನ್ರಿ?"

"ಗೊತ್ತಾಗ್ತದೆ."

"ಮತ್ತ ಒತ್ತಿಲ್ಲಲ್ರಿ ನೀವು. ಬಣ್ಣ ಬದಲಿಸಬೇಕೇನು? ಬ್ಯಾರೆ ಕಡೆ ಇಡಬೇಕೇನು?"

"ಬಣ್ಣ ಒಳ್ಳೇದೇ ಉಂಟು" ಎಂದರು. ಆಮೇಲೆ ನನ್ನ ಫೋನಿನ ಕಡೆ ಕೈ ತೋರಿಸಿ, "ಅದು ಎಲ್ಲರಿಗೂ ಬಂದದ್ದಲ್ವಾ" ಎಂದರು.

"ಹೌದ್ರಿ, ಎಲ್ಲಾರಿಗೂ ಹೋಗೇದ. ನಿಮಗೂ ಬಂದದ."

"ಹೂಂ. ಎಲ್ಲರಿಗೂ ಬಂದದ್ದು" ಎಂದು ಮತ್ತೆ ಅದನ್ನೇ ಹೇಳಿದರು.

ನಾನು ಇನ್ನಷ್ಟು ಕೇಳಿದೆ. ಆಕೆ ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಒಂದೊಂದು ಉತ್ತರಕ್ಕೂ ಆಕೆಯ ಮುಖ ಬಾಡುತ್ತ ಬಂತು. ಯಾಕೆಂದು ನನಗೆ ತಿಳಿಯದು. ಕೊನೆಗೆ ಫೋನು ಒಳಗಿಟ್ಟು ಎದ್ದೆ. ಆಕೆಯೂ ಎದ್ದರು. "ಇಷ್ಟೆಯಾ?" ಎಂದರು. ಇಷ್ಟೇ ಎಂದೆ.

ಚಪ್ಪಲಿ ಮೆಟ್ಟುವಾಗ ಸೊಸೆ ಬಾಗಿಲ ಹೊರಗೆ ಬಂದು ಹಿಂದಿನಿಂದ ಬಾಗಿಲು ಎಳೆದುಕೊಂಡಳು. "ನೀವು ಕರೀಲಿಕ್ಕೆ ಬಂದದ್ದು ಅಂತ ಗ್ರಹಿಸಿದ್ರು ಅತ್ತೆ" ಎಂದಳು ಮೆಲ್ಲಗೆ.

"ಯಾತಕ್ಕ ಕರೀಲಿಕ್ಕೆ?"

"ಯಾವುದಕ್ಕಾದ್ರೂ. ಮಾವ ತೀರಿಕೊಂಡ ಮೇಲೆ ಯಾರೂ ಬಂದು ಕರೀಲಿಲ್ಲ. ವರ್ಷಾಂತ ಕಳೆದು ಎಷ್ಟು ತಿಂಗಳಾಯ್ತು. ಅತ್ತೆಗೆ ತವರಲ್ಲಿ ಯಾರೂ ಉಳಿದಿಲ್ಲ. ಸಂಘದವರೇ ಬರ್ತಾರೆ ಅಂತ ಕೂತಿದ್ದಾರೆ. ಫೋನು ಟಣ್ ಅಂದ್ರೆ ಸಾಕು, ನೋಡ್ತಾರೆ. ನಾವು ಎಷ್ಟು ಹೇಳಿದ್ರೂ ಕೇಳುದಿಲ್ಲ. ನನ್ನ ಅಕ್ಕನ ಮಗಳ ಮದುವೆಗೂ ಬರ್ಲಿಲ್ಲ, ಇಲ್ಲೇ ದಹಿಸರ್‌ನಲ್ಲೇ ಆದದ್ದು."

ನಾನು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದು ಕಾಲಿಗೆ ಹಾಕದೆ ನಿಂತೆ. ಈ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ಸಾವಾದ ಮನೆಯವರು ವರ್ಷದವರೆಗೆ ಶುಭಕಾರ್ಯಕ್ಕೆ ಹೋಗುವುದಿಲ್ಲ. ವರ್ಷ ತುಂಬಿದ ಮೇಲೂ ತಾವಾಗಿ ಹೋಗುವುದಿಲ್ಲ. ಹತ್ತಿರದವರು ಯಾರಾದರೂ ಮನೆಗೆ ಬಂದು, ಎದುರು ಕೂತು, ಬಾಯಿಬಿಟ್ಟು ಕರೆಯಬೇಕು. ನಮ್ಮ ಅಜ್ಜ ಹೋಗಿ ವರ್ಷ ತುಂಬಿದ ಮೇಲೆ ಧಾರವಾಡದಿಂದ ಸೋದರಮಾವ ರಾತ್ರಿ ಬಸ್ಸಿನಲ್ಲಿ ಬಂದು ಅವ್ವನನ್ನು ಕರೆದಿದ್ದ. ಅದೆಲ್ಲ ಬಳಗದವರ ಕೆಲಸ ಎಂದುಕೊಂಡಿದ್ದೆ. ಸಂಘದ ಆ್ಯಪಿಗೂ ಅದಕ್ಕೂ ಸಂಬಂಧವಿದೆ ಎಂದು ನನಗೆ ಹೇಗೆ ಹೊಳೆಯಬೇಕು?

ಮತ್ತೆ ಒಳಗೆ ಹೋದೆ. ಆಕೆ ಸೀರೆ ಬದಲಿಸಲು ಹೊರಟಿದ್ದರು. ಏನು ಹೇಳಬೇಕು, ಹೇಗೆ ನಿಲ್ಲಬೇಕು ಒಂದೂ ತಿಳಿಯದೆ, "ಅಮ್ಮಾರ, ವಾರ್ಷಿಕೋತ್ಸವಕ್ಕ ನೀವು ಬರಬೇಕ್ರಿ. ಮನಿಮಂದಿ ಎಲ್ಲಾರೂ ಕೂಡಿ ಬರಬೇಕು. ಕರೀಲಿಕ್ಕಂತನ ಬಂದೇನಿ" ಎಂದೆ. ಕೊನೆಯ ಮಾತು ಸುಳ್ಳು. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು.

ಆಕೆ ನನ್ನ ಕೈ ಹಿಡಿದುಕೊಂಡರು. "ಹೇಳಿದ್ದು ಸಂತೋಷ ಆಯ್ತು ಮಗಾ. ನೀನು ಒಳ್ಳೇ ಹುಡುಗಿ." ಐವತ್ತರ ಹತ್ತಿರದ ನನ್ನನ್ನು ಹುಡುಗಿ ಎಂದವರು ಅವರೊಬ್ಬರೇ. ಆಮೇಲೆ ಕೇಳಿದರು: "ನಿಮ್ಮ ಅಧ್ಯಕ್ಷರು ಹುಷಾರಿದ್ದಾರಾ? ಮೆಟ್ಟಿಲು ಹತ್ತಲಿಕ್ಕೆ ಆಗ್ತದಾ ಅವರಿಗೆ?"

ದಿನಾ ಎರಡು ಮಾಳಿಗೆ ಹತ್ತಿ ಸಂಘದ ಕೋಣೆಗೆ ಬರುತ್ತಾರೆ ಎಂದೆ. ಆಕೆ "ಹೌದಾ" ಎಂದಷ್ಟೇ ಹೇಳಿದರು. ಬರುತ್ತೇನೆ ಎಂದೂ ಹೇಳಲಿಲ್ಲ, ನೋಡೋಣ ಎಂದೂ ಹೇಳಲಿಲ್ಲ. ಕರೆದ ಮೇಲೂ ಹೀಗೆಂದರೆ ಏನರ್ಥ? ನಾನು ಕರೆದದ್ದು ಲೆಕ್ಕಕ್ಕೆ ಬಂತೋ ಇಲ್ಲವೋ? ಬಂದರೂ, ಎಲ್ಲಿಯೋ ಧಾರವಾಡದ ಕಡೆಯ, ಇವರ ಬಳಗವಲ್ಲದ ನಾನು ಕರೆಯಬಹುದೋ? ಲೋಕಲ್ಲಿನಲ್ಲಿ ನಿಂತು ಯೋಚಿಸಿ ಯೋಚಿಸಿ ಇಳಿಯಬೇಕಾದ ಸ್ಟೇಷನ್ನನ್ನೇ ತಪ್ಪಿಸಿಕೊಂಡೆ.

ಮರುದಿನ ಆಫೀಸು ಮುಗಿಸಿ ನೇರ ವಡಾಲಕ್ಕೆ ಹೋದೆ. ಅಧ್ಯಕ್ಷರು ಸಂಘದ ಕೋಣೆಯಲ್ಲಿ ಒಬ್ಬರೇ ಪತ್ರಿಕೆ ಓದುತ್ತಿದ್ದರು.

"ಬೈಕುಲ್ಲಾಕ್ಕ ಹೋಗಿದ್ದೆ" ಎಂದೆ. "ನಿಮಗ ಮೆಟ್ಟಿಲು ಹತ್ತಲಿಕ್ಕೆ ಆಗ್ತದೇನಂತ ಕೇಳಿದ್ರು."

ಅವರು ಪತ್ರಿಕೆ ಮಡಿಸಿದರು. ಮತ್ತೆ ಕನ್ನಡಕ ತೆಗೆದು ಒರೆಸತೊಡಗಿದರು. ಅದು ನನ್ನ ಸಿಟ್ಟನ್ನು ಇನ್ನಷ್ಟು ಕೆರಳಿಸಿತು.

"ಯಾರೂ ಕರೀಲಿಲ್ಲಂತ ಆ ಹೆಣ್ಣಮಗಳು ಮನಿ ಬಿಟ್ಟು ಹೊರಗ ಬಿದ್ದಿಲ್ರಿ! ಸೊಸಿ ಅಕ್ಕನ ಮಗಳ ಮದುವಿಗೂ ಹೋಗಿಲ್ಲ. ನಿಮಗ ಗೊತ್ತಿತ್ತು. ಗೊತ್ತಿದ್ದೂ ಮೆಸೇಜು ಹಾಕು ಮೆಸೇಜು ಹಾಕು ಅಂತ ನನ್ನ ಬೆನ್ನು ಹತ್ತಿದ್ರಿ. ಒಮ್ಮೆ ಹೋಗಿ ಬರಲಿಕ್ಕೆ ಏನಾಗಿತ್ತು ನಿಮಗ?"

ಇಷ್ಟು ಗಟ್ಟಿಯಾಗಿ ಅವರಿಗೆ ಯಾರೂ ಹೇಳಿರಲಿಕ್ಕಿಲ್ಲ. ಅವರು ಕಿಟಕಿಯ ಕಡೆ ತಿರುಗಿದರು. ಕೆಳಗೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು.

"ಕರೀಲಿಕ್ಕೆ ನಾವಿಬ್ಬರು ಹೋಗುದು" ಎಂದರು. "ನಾನು ಮತ್ತೆ ಅವ, ಆಕೆಯ ಗಂಡ. ವಾರ್ಷಿಕೋತ್ಸವಕ್ಕೆ ಯಾವಾಗ್ಲೂ ನಾವಿಬ್ಬರೇ. ಅವನ ಮನೆಯಲ್ಲಿ ಚಾ ಕುಡಿದು ಹೊರಡುದು, ಅಲ್ಲಿಂದ ಮನೆ ಮನೆ. ಮಾತಾಡುದೆಲ್ಲ ಅವನೇ. ನಾನು ಬರೇ ಕಾರ್ಡು ಹಿಡ್ಕೊಂಡು ಹಿಂದೆ ನಿಲ್ಲುದು. ನನ್ನ ಹೆಂಡತಿ ಹೋದಾಗ ವರ್ಷ ಕಳೆದ ಮೇಲೆ ನನ್ನನ್ನು ಕರೀಲಿಕ್ಕೆ ಬಂದದ್ದು ಅವರಿಬ್ಬರು, ಗಂಡ ಹೆಂಡತಿ. ಬರುದಿಲ್ಲ ಅಂತ ಹಟ ಹಿಡಿದು ಕೂತಿದ್ದೆ. ಅವಳೇ ಎದ್ದು ನನ್ನ ಅಂಗಿ ತೆಗೆದು ಕೊಟ್ಲು, ಹಾಕ್ಕೊಳ್ಳಿ ಅಂತ."

ಆಮೇಲೆ ತೀರ ತಗ್ಗಿದ ದನಿಯಲ್ಲಿ, "ಬಿಲ್ಡಿಂಗಿನ ತನಕ ಹೋಗಿದ್ದೇನೆ ಮಾರಾಯ್ತಿ. ಕೆಳಗೆ ಅವನ ಫೋಟೋ ಕಾಣ್ತದಲ್ಲ ಗಲ್ಲೆಯ ಹಿಂದೆ. ಅದನ್ನು ನೋಡಿ ವಾಪಸ್ ಬಂದೆ" ಎಂದರು.

ಈ ಮನುಷ್ಯ ಯಾರ ಮನೆಗೂ ಹೋಗದ ಹಾಗೆ ಒಂದು ಆ್ಯಪು ಬೇಕೆಂದು ಯಾಕೆ ಒದ್ದಾಡಿದರು ಎಂಬುದು ನನಗೆ ಅರ್ಥವಾದದ್ದು ಆಗ. ನನಗೆ ಅವರ ಮೇಲೆ ಕನಿಕರ ಬಂತು, ಅದರ ಜೊತೆಗೇ ಆ ಹಿರಿಯಾಕೆಯ ಇಸ್ತ್ರಿ ಮಾಡಿದ ಸೀರೆ ನೆನಪಾಗಿ ಸಿಟ್ಟೂ ಹೋಗಲಿಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಏನು ಮಾಡಬೇಕೆಂದು ಈಗಲೂ ನನಗೆ ಗೊತ್ತಿಲ್ಲ. "ಏಳ್ರಿ, ಹೋಗೋಣ" ಎಂದೆ.

"ಈಗಲಾ?"

"ಈಗನ. ನಾಳೆ ಅಂದ್ರ ನೀವು ಬರೂದಿಲ್ಲ."

ಕೆಳಗಿಳಿದು ಟ್ಯಾಕ್ಸಿ ಹಿಡಿದೆವು. ಬೈಕುಲ್ಲಾದಲ್ಲಿ ಇಳಿದು, ಗಲ್ಲೆಯ ಕಡೆ ನೋಡದೆ ತಲೆ ತಗ್ಗಿಸಿ ಮೆಟ್ಟಿಲ ಕಡೆಗೆ ನಡೆದರು. ಹಗ್ಗ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು, ನಾನು ಹಿಂದೆ. ನಡುವೆ ಒಮ್ಮೆ ನಿಂತರು. ತಿರುಗಿ ಬಿಡುತ್ತಾರೆ ಎಂದುಕೊಂಡು ನಾನು ಮೆಟ್ಟಿಲಿಗೆ ಅಡ್ಡ ನಿಂತೆ. ಇಳಿಯಲಿಲ್ಲ.

ಬಾಗಿಲು ತೆರೆದದ್ದು ಆಕೆಯೇ. ಅಂದು ಮನೆಯಲ್ಲಿ ಉಡುವ ಹಳೆಯ ಸೀರೆ, ಕೈಯಲ್ಲಿ ಅರ್ಧ ಸುಲಿದ ಬೆಳ್ಳುಳ್ಳಿ. ಎಷ್ಟೋ ವೇದಿಕೆಗಳ ಮೇಲೆ ಕಾಗದವಿಲ್ಲದೆ ಭಾಷಣ ಮಾಡಿದ ಮನುಷ್ಯ ಎರಡೂ ಕೈ ಮುಗಿದುಕೊಂಡು ಹೊಸ್ತಿಲ ಹೊರಗೆ ಸುಮ್ಮನೆ ನಿಂತುಬಿಟ್ಟರು.

ಆಕೆ ಅವರನ್ನು ನೋಡಿದರು. ಅವರ ಹಿಂದೆ ನಿಂತಿದ್ದ ನನ್ನನ್ನು ದಾಟಿ, ಖಾಲಿ ಮೆಟ್ಟಿಲನ್ನೂ ಒಮ್ಮೆ ನೋಡಿದರು.

"ಅವರಿಲ್ಲದೆ ನೀವು ಕರೀಲಿಕ್ಕೆ ಬಂದದ್ದು ಇದೇ ಮೊದಲಲ್ವಾ" ಎಂದರು. "ಒಳಗೆ ಬನ್ನಿ. ಇವತ್ತು ನೀವೇ ಮಾತಾಡ್ಬೇಕು."